ಉಪಕಾರದ ಸುತ್ತು

ಹೆಂಡತಿಯನ್ನು ಕರೆದೊಯ್ಯಲು ಬಂದ ಅಳಿಯನಿಗೆ ಗುಂಡಿನಹಾಳದಲ್ಲಿ ಯಾರೂ ಕಾಲಿಗೆ ನೀರು ಕೊಡಲಿಲ್ಲ.

ಗ್ಯಾನಪ್ಪ ಸಿಂಧನೂರ ಕಡೆಯಿಂದ ಹೊರಟಿದ್ದ ಸಜ್ಜೆ ಚೀಲದ ಬಂಡಿಯ ಹಿಂದೆ ಕಾಲು ಇಳಿಬಿಟ್ಟು ಕೂತು ಮಸ್ಕಿಯವರೆಗೆ ಬಂದಿದ್ದ. ಅಲ್ಲಿಂದ ಬೆಳಗಿನ ತಂಪಿನಲ್ಲಿ ನಡೆದಿದ್ದ. ಮಾವ ಆದೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕತ್ತೆತ್ತಿ ಅಳಿಯನ ಬರಿದಲೆಯನ್ನು ಒಮ್ಮೆ ನೋಡಿ ಮತ್ತೆ ಹಗ್ಗಕ್ಕೆ ಬಗ್ಗಿದ.

“ಬರಿದಲೀಲೆ ಬಂದಾನ ನೋಡು,” ಎಂದ ಹಗ್ಗಕ್ಕೇ ಹೇಳುವವನಂತೆ. “ಮದುವಿಗೆ ಅಂತ ಮುದಗಲ್ಲಿನ ಅಂಗಡ್ಯಾಗ ನಾಕು ಸಲ ಬಿಚ್ಚಿಸಿ ನೋಡಿ ತಂದಿದ್ದೆ ಆ ಪಟಗ. ಒಲ್ಯಾಗ ಹಾಕ್ಯಾನ! ಪಟಗ ಸುಟ್ಟಂಗಲ್ಲ ಅದು, ನಮ್ಮ ಮನಿ ಮರ್ಯಾದಿ ಸುಟ್ಟಂಗ.”

ಒಳಗೆ ಬಳೆ ಸದ್ದಾಯಿತು. ಬಸ್ಸಮ್ಮ ಹೊರಗೆ ಬರಲಿಲ್ಲ.

ಮಾತು ಸುಳ್ಳಾಗಿರಲಿಲ್ಲ. ಮಹಾನವಮಿಯ ಹಿಂದುಮುಂದಿನ ದಿನಗಳಲ್ಲಿ ಬೇಗಾರಿಯ ಬಿಟ್ಟಿ ದುಡಿತ ಮುಗಿಸಿ ಮನೆಗೆ ಬಂದವನು ಗ್ಯಾನಪ್ಪ, ಹೆಂಡತಿ ಕೊಟ್ಟ ನೀರಿನ ತಂಬಿಗೆಯನ್ನು ತಳ್ಳಿ, “ಮುಟ್ಟಬ್ಯಾಡ” ಎಂದು ಮನೆಯ ಜಂತಿ ನಡುಗುವಂತೆ ಕೂಗಿ, ತಲೆಗೆ ಸುತ್ತಿದ್ದ ಮದುವೆಯ ಪಟಗವನ್ನು ಉರಿಯುವ ಒಲೆಗೆ ತುರುಕಿದ್ದ. ಅಲ್ಲಿಂದ ಬಾಯಿ ಮುಚ್ಚಿದವನು ದೀವಳಿಗೆಯ ಹಟ್ಟಿಹಬ್ಬ ಬಂದರೂ ತೆರೆದಿರಲಿಲ್ಲ. ಅವಳು ಕೇಳಿದಳು, ಅತ್ತಳು, ಬೈದಳು. ಕೊನೆಗೆ ದೀಪ ಹಚ್ಚಿಟ್ಟು, ಗಂಟು ಕಟ್ಟಿಕೊಂಡು ತವರಿಗೆ ನಡೆದಳು. ಯಾಕೆ ಸುಟ್ಟ ಎಂಬುದು ಗ್ಯಾನಪ್ಪನಿಗೊಬ್ಬನಿಗೇ ಗೊತ್ತಿತ್ತು. ಅದನ್ನು ಹೇಳುವುದಕ್ಕಿಂತ ನಾಲಿಗೆ ಕಡಿದುಕೊಳ್ಳುವುದು ಮೇಲು ಎಂದುಕೊಂಡಿದ್ದ. ಆದರೆ ಬಸ್ಸಮ್ಮ ಇಲ್ಲದ ಮನೆ ಬಾಯಿ ತೆರೆದುಕೊಂಡ ಹಗೇವಿನ ಹಾಗೆ ಆಗಿತ್ತು. ಒಳಗೆ ಕಾಳಿಲ್ಲ, ಬರೀ ಕತ್ತಲೆ. “ಹೋಗಿ ಕರಕೊಂಡು ಬಾ. ಏನಂದ್ರೂ ಬಾಯಿ ಮಾತ್ರ ತೆಗೀಬ್ಯಾಡ, ನಿನ್ನ ಬಾಯೇ ನಿನಗ ವೈರಿ,” ಎಂದು ದೊಡ್ಡಪ್ಪ ಬುದ್ಧಿ ಹೇಳಿ ಕಳಿಸಿದ್ದ. ಆ ಬುದ್ಧಿಯನ್ನು ಗ್ಯಾನಪ್ಪ ಗಂಟು ಕಟ್ಟಿಕೊಂಡು ಬಂದಿದ್ದ.

ಅಷ್ಟರಲ್ಲಿ ಆದೆಪ್ಪನ ತಾಯಿ ಗಾಳೆಮ್ಮ ಬಾಗಿಲಿಗೆ ಬಂದಳು. ಹೆಸರಿಗೆ ತಕ್ಕ ಹಾಗೆ ಗಾಳಿ ಬಂದರೆ ಹಾರಿ ಹೋಗುವಂಥ ಮುದುಕಿ. ನಾಲಿಗೆ ಮಾತ್ರ ಊರಿಗೆಲ್ಲ ಭಾರ.

“ಜಗಳ ಆಮ್ಯಾಲ ಮಾಡ್ರಿ. ಕಾರ್ತಿಕ ಐತಿ, ಕೆರಿ ತುಂಬೈತಿ. ಅಳಿಯಪ್ಪ ನನ್ನ ಕೂಡ ಸುತ್ತು ಬರಲಿ. ಸುತ್ತು ಮುಗಿದ ಮ್ಯಾಲ ಹುಡುಗಿನ್ನ ಕಳಸಬೇಕೋ ಬ್ಯಾಡೋ ನಾ ಹೇಳ್ತೀನಿ.”

“ಯವ್ವಾ, ನಿನ್ನ ಮೊಣಕಾಲು…” ಎಂದ ಆದೆಪ್ಪ.

“ನನ್ನ ಮೊಣಕಾಲು ನಿನ್ನ ಹಗ್ಗಕ್ಕಿಂತ ಗಟ್ಟಿ ಅದಾವು. ನೀ ಹೊಸಿ.”

ಗುಂಡಿನಹಾಳದ ಪದ್ಧತಿ ಅದು. ಕೆರೆ ತುಂಬಿದ ವರ್ಷ, ಸಜ್ಜೆ ಮನೆಗೆ ಬಂದ ಮೇಲೆ, ಕಾರ್ತಿಕದಲ್ಲಿ ಮನೆಗಿಬ್ಬರು ಕೆರೆ ಸುತ್ತಬೇಕು. ತೂಬಿನ ಕಟ್ಟೆ, ಹುಡೇವು, ಗುಂಡಿನ ಗುಡ್ಡ, ಕೋಡಿ: ಈ ನಾಲ್ಕು ಕಡೆ ನಿಂತು, ನೀರು ಕಾಣುವಂತೆ ಮುಖ ಮಾಡಿ, ಹಕ್ಕಿಗಳಿಗೆ ಹೊಸ ಸಜ್ಜೆ ಚೆಲ್ಲಿ, ಆ ವರ್ಷ ತಮಗೆ ಉಪಕಾರ ಮಾಡಿದ ಮನುಷ್ಯನೊಬ್ಬನ ಹೆಸರು ಬಾಯಿಬಿಟ್ಟು ಹೇಳಬೇಕು. ಉಂಡ ಉಪಕಾರವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡವನ ಹೊಲಕ್ಕೆ ನೀರು ಏರುವುದಿಲ್ಲ ಎಂದು ನಂಬಿಕೆ. ಮುನಿಸಿಕೊಂಡು ತವರಿಗೆ ಬಂದ ಹೆಣ್ಣುಮಗಳನ್ನು ಕರೆಯಲು ಬಂದ ಅಳಿಯನಿಗೂ ಇದು ತಪ್ಪಿದ್ದಲ್ಲ. ಮನೆಯ ಹಿರಿಯರ ಜೊತೆ ಸುತ್ತು ಬರಬೇಕು. ಅವನ ಕೈಯಲ್ಲಿ ಹುಡುಗಿಯನ್ನು ಮತ್ತೆ ಕೊಡಬಹುದೋ ಇಲ್ಲವೋ ಎಂದು ಅವರು ತೂಗಿ ನೋಡುತ್ತಾರೆ.

ಗ್ಯಾನಪ್ಪ ಹಲ್ಲು ಕಚ್ಚಿ ತಲೆಯಾಡಿಸಿದ. ಮುದುಕಿ ಏನೇ ಕೆಣಕಲಿ, ಕೂಗಬಾರದು. ಅಷ್ಟಾದರೆ ಬಸ್ಸಮ್ಮ ಬರುತ್ತಾಳೆ.

ಬುತ್ತಿ ಅವನ ಹೆಗಲಿಗೆ, ಸಜ್ಜೆಯ ಗಂಟು ಅವಳ ಮಡಿಲಿಗೆ. ಏರಿಯ ಮೇಲೆ ನಡೆದರು. ಮಳೆ ಹೋಗಿ ಆಕಾಶ ತೊಳೆದಿಟ್ಟ ಪರಾತದ ಹಾಗಿತ್ತು. ಬಿಸಿಲಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಎಡಕ್ಕೆ ಏರಿಯ ಕಲ್ಲಿಗೆ ತಾಗಿ ನೀರು ಚಪ್ಪರಿಸುತ್ತಿತ್ತು. ಬಲಕ್ಕೆ ಮೊಣಕಾಲುದ್ದ ಬೆಳೆದ ಜೋಳ. ಗಾಳೆಮ್ಮ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು, ಪ್ರತಿ ಸಲವೂ ಒಂದು ಪ್ರಶ್ನೆ ಕೇಳುತ್ತಿದ್ದಳು.

“ನಿಮ್ಮ ಕೆಂದಾಕಳ ಕರ ಹಾಕ್ತೇನು?”

“ಹೂಂರೀ.”

“ಹೋರಿಗರನೋ, ಹೆಣ್ಗರನೋ?”

“ಹೂಂರೀ.”

“ಅಂದ್ರ ಎರಡೂ? ಭಾಳ ಉಪಯೋಗದ ಆಕಳ ಬಿಡು.”

ಗ್ಯಾನಪ್ಪನ ಕಿವಿ ಕೆಂಪಾಯಿತು. ಬುತ್ತಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದ.

ತೂಬಿನ ಕಟ್ಟೆಯ ಮೇಲೆ ಗಾಳೆಮ್ಮ ನೀರಿಗೆ ಮುಖ ಮಾಡಿ ನಿಂತು ಸಜ್ಜೆ ಚೆಲ್ಲಿದಳು. “ನಮ್ಮ ಬಾಜೂಮನಿ ಪೀರ್‌ಬೀಯ ಉಪಕಾರ ಉಂಡೀನಿ. ಭಾದ್ರಪದದಾಗ ಜ್ವರ ಬಂದು ಮಲಗಿದಾಗ ದಿನಾ ಗಂಜಿ ತಂದು ಕುಡಿಸ್ಯಾಳ. ‘ಸಾಯಬ್ಯಾಡ ಆಯಿ, ನಿನ್ನಷ್ಟು ಚಲೋ ಬೈಯಾವರು ಊರಾಗ ಯಾರೂ ಇಲ್ಲ’ ಅಂದಾಳ.” ಆಮೇಲೆ ಅಳಿಯನ ಕಡೆ ತಿರುಗಿದಳು. “ನಿಂದು?”

“ದೇವರ ಉಪಕಾರರೀ.”

“ದೇವರದು ಲೆಕ್ಕಕ್ಕಿಲ್ಲ. ಅಂವ ಎಲ್ಲಾರಿಗೂ ಮಾಡ್ತಾನ. ಮನಷ್ಯಾರ ಹೆಸರು ಹೇಳು.”

ಗ್ಯಾನಪ್ಪ ತಡಕಾಡಿದ. “ಆದೆಪ್ಪ ಮಾವನ ಉಪಕಾರ.”

“ಏನು ಮಾಡ್ಯಾನ ಅಂವ? ಬಂದಾಗಿಂದ ಹನಿ ನೀರು ಕೊಟ್ಟಿಲ್ಲ ನಿನಗ!” ಮುದುಕಿ ನಕ್ಕ ನಗೆಗೆ ಕಟ್ಟೆಯ ಬುಡದ ನೀರುಕೋಳಿಗಳು ಜೇಕುಹುಲ್ಲಿನೊಳಗೆ ನುಗ್ಗಿದವು. “ಆತು, ಇಲ್ಲಿ ಖಾಲಿ ಹ್ವಾದಿ. ನಡಿ.”

ಹುಡೇವು ಹಳೆಯ ಕಾಲದ ಕಾವಲು ಬುರುಜು. ಅರ್ಧ ಬಿದ್ದು ಹೋಗಿತ್ತು, ಮೆಟ್ಟಿಲು ಮಾತ್ರ ಉಳಿದಿದ್ದವು. ಅವಳ ತೋಳು ಹಿಡಿದು ಹತ್ತಿಸಿದ. ಮೇಲೆ ನಿಂತರೆ ಕೆರೆ ಪೂರಾ ಕಣ್ಣಿಗೆ ಬಿತ್ತು. ಬೆಳ್ಳನೆಯ ಹಕ್ಕಿಗಳು ನಡುನೀರಿನಲ್ಲಿ ಹಿಂಜಿದ ಅರಳೆಯ ಹಾಗೆ ತೇಲುತ್ತಿದ್ದವು. ಅದರಾಚೆ ಬಂಡೆ ಗುಡ್ಡಗಳು ಒಂದರ ಬೆನ್ನ ಹಿಂದೆ ಒಂದು. ಬೇಡವೆಂದರೂ ಗ್ಯಾನಪ್ಪನ ಎದೆ ಸ್ವಲ್ಪ ಸಡಿಲಾಯಿತು.

“ಆ ಕಡೆ ನೋಡು. ಮುದಗಲ್ ಕ್ವಾಟಿ ಕಾಣತೈತಿ ಅಂತಿದ್ದ ನಮ್ಮ ಯಜಮಾನ. ಕಾಣತೈತೇನು?”

ಅವನಿಗೆ ಏನೂ ಕಾಣಲಿಲ್ಲ. “ಹೂಂರೀ.”

“ನನಗೂ ಒಂದು ದಿನ ಕಂಡಿಲ್ಲ. ನಲವತ್ತು ವರ್ಸ ಹೂಂ ಅಂದೆ. ಆದ್ರ ಅಂವ ಗಂಡ, ನಾ ನಿನಗ ಏನು ಅಂತ ಸುಳ್ಳು ಹೇಳ್ತಿ?” ಎಂದು ಗಾಳೆಮ್ಮ ಅವನ ಮುಖವನ್ನೇ ನೋಡಿದಳು. “ಬಂಡಿಗಲ್ಲಿನ ಸಂದ್ಯಾಗೂ ಒಂದು ಗಿಡ ಹುಟ್ಟತೈತಿ ತಮ್ಮಾ. ನಿನ್ನ ಬಾಯಾಗ ಒಂದು ಮಾತು ಹುಟ್ಟವಲ್ದು. ನನ್ನ ಮೊಮ್ಮಗಳು ಗೋಡಿ ಕೂಡ ಸಂಸಾರ ಮಾಡಿದಂಗಾತು.”

ಅಲ್ಲಿಯೂ ಉಪಕಾರ ಹೇಳಲು ಅವನಿಗೆ ಯಾರೂ ನೆನಪಾಗಲಿಲ್ಲ. ಗಾಳೆಮ್ಮ ತನ್ನದನ್ನು ಹೇಳಿದಳು, ಅವನ ಪಾಲಿನ ಸಜ್ಜೆಯನ್ನು ಗಂಟಿನಲ್ಲೇ ಉಳಿಸಿಕೊಂಡು ಇಳಿದಳು.

ಗುಂಡಿನ ಗುಡ್ಡ ಹತ್ತುವಾಗ ಬಿಸಿಲು ಏರಿತ್ತು. ದೈತ್ಯರು ಆಡಿ ಬಿಟ್ಟುಹೋದಂಥ ಗುಂಡುಗಲ್ಲುಗಳು, ಅವುಗಳ ನಡುವೆ ಸೀತಾಫಲದ ಗಿಡ. ಹಣ್ಣು ಕಣ್ಣು ಬಿಟ್ಟಿದ್ದವು. ಗಾಳೆಮ್ಮ ಒಂದು ಗುಂಡಿನ ನೆರಳಿಗೆ ಕುಸಿದು ಕೂತು ಕಾಲು ನೀಡಿದಳು. ಕೆಳಗೆ ಕೆರೆ ಹೊಳೆಯುತ್ತಿತ್ತು. ಆಚೆ ದಂಡೆಯಲ್ಲಿ ಮಸ್ಕಿಯ ದಾರಿ ಬಿಳಿಯ ನೂಲಿನ ಹಾಗೆ ಹೋಗಿತ್ತು. ಆ ದಾರಿ ಕಂಡದ್ದೇ ಗ್ಯಾನಪ್ಪ ಮುಖ ತಿರುಗಿಸಿದ. ಮುದುಕಿಯ ಕಣ್ಣಿಗೆ ಅದು ಬಿತ್ತು.

“ಯಾಕ, ದಾರಿ ಕಚ್ಚತೈತೇನು?”

ಅವನು ಬುತ್ತಿಯನ್ನು ಗುಂಡಿನ ಬುಡಕ್ಕೆ ಇಳಿಸಿ ಅಲ್ಲೇ ಕೂರಲು ಹೋದ.

“ನಿಲ್ಲು, ನೀರ ಕಡೆ ಮಾರಿ ಮಾಡು. ಈ ವರ್ಸ ನಿನಗ ಉಪಕಾರ ಮಾಡಿದ ಒಬ್ಬ ಮನಷ್ಯಾನ ಹೆಸರು. ಒಬ್ಬಂದರೆ ಹೇಳು.”

“ಯಾರೂ ಇಲ್ರೀ.”

“ಒಬ್ಬರೂ?”

“ಯಾರೂ ಇಲ್ಲ ಅಂದೆನಲ್ರೀ!”

“ಪಟಗ ಸುಡೋ ಕೈಗೆ ಉಪಕಾರ ಯಾರು ಮಾಡ್ತಾರ?”

ಕಟ್ಟೆ ಒಡೆಯಿತು.

“ಹೌದು, ಸುಟ್ಟೆ! ಇನ್ನೊಂದು ಸಲ ಸುಡ್ತೀನಿ!” ಗ್ಯಾನಪ್ಪನ ದನಿಗೆ ಗುಂಡುಗಳೇ ಮಾರುತ್ತರ ಕೊಟ್ಟವು. “ಉಪಕಾರ ಕೇಳ್ತಿ? ಆ ಪಟಗದ ಮ್ಯಾಲ ಏನು ಕುಂತಿತ್ತು ಗೊತ್ತೇನು ಆಯಿ ನಿನಗ? ಬೂಟು! ಹೊಲಸು, ಕೆಸರಿನ ಬೂಟು!”

ಅಷ್ಟು ಹೇಳಿದ ಮೇಲೆ ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ.

ಬೇಗಾರಿ ಎಂದರೇನು ಎಂದು ಕೇಳುವವರು ಪುಣ್ಯವಂತರು. ಯುದ್ಧದ ಕಾಲ, ನಿಜಾಮನ ಸರ್ಕಾರ. ದೌರೆಗೆ, ಅಂದರೆ ಊರೂರಿನ ತಪಾಸಣೆಗೆ, ಸಾಹೇಬನೊಬ್ಬ ಬಂದರೆ ಊರಿನ ಮನೆಮನೆಯಿಂದ ಒಬ್ಬೊಬ್ಬ ಗಂಡಸು ಎದ್ದು ಹೊರಡಬೇಕು. ಡೇರೆ ಹೊರಬೇಕು, ಮಂಚ ಹೊರಬೇಕು, ಅವನು ತಿನ್ನುವ ಕೋಳಿಯನ್ನೂ ಹೊರಬೇಕು. ಕೂಲಿ ಇಲ್ಲ, ಕೂಳಿಲ್ಲ. ಬಿತ್ತುವ ಹದ ಹೋದರೆ ನಿನ್ನ ಹಣೆಬರಹ. ಹೊರುವವನಿಗೆ ಹೆಸರೂ ಇರುವುದಿಲ್ಲ, “ಏ ಬೇಗಾರಿ” ಅಷ್ಟೇ. ಹೀಗೆ ಗ್ಯಾನಪ್ಪ ಸಿಂಧನೂರಿಂದ ಲಿಂಗಸುಗೂರಿನ ದಾರಿಯಲ್ಲಿ ಹೊರೆ ಹೊತ್ತಿದ್ದ. ಮಸ್ಕಿಯ ಹಳ್ಳ ದಾಟುವಾಗ ಸಾಹೇಬನ ಬೂಟು ಕೆಸರಾದವು. ಸಾಹೇಬ ಕಳಚಿ ಬಂಡಿ ಏರಿದ. ಕೋಲು ಹಿಡಿದ ಜವಾನ ಆಚೀಚೆ ನೋಡಿ, ಹೊಸ ಪಟಗ ಸುತ್ತಿದ್ದ ಗ್ಯಾನಪ್ಪನನ್ನು ಆರಿಸಿದ. “ತಲಿ ಚಂದ ಐತಿ ನಿಂದು” ಎಂದು ಬೂಟುಗಳನ್ನು ಪಟಗದ ಮೇಲೆ ಇಟ್ಟ. ಬಿದ್ದರೆ ಚರ್ಮ ಸುಲಿಯುತ್ತೇನೆ ಎಂದ. ಹಾಗೆಯೇ ಮಸ್ಕಿಯ ಬಜಾರಿಗೆ ನಡೆಸಿಕೊಂಡು ಹೋದ.

“ಕೆಸರು ಕಣ್ಣಾಗ ಇಳಿತಿತ್ತು. ಒರೆಸಾಕ ಕೈ ಎತ್ತಿದ್ರ ಕೋಲು,” ಎಂದ ಗ್ಯಾನಪ್ಪ. ದನಿ ಈಗ ಇಳಿದಿತ್ತು. “ನೀರು ಕೊಡಾಕ ಬಂದ್ಲು ಆಕಿ. ನನ್ನ ತಲಿ ಮುಟ್ಟಿದ್ರ ಆಕಿ ಕೈ ಹೊಲಸಾಗತೈತಿ ಅನಿಸ್ತು. ಮುಟ್ಟಬ್ಯಾಡ ಅಂದೆ. ಯಾಕ ಅಂತ ಹೆಂಗ ಹೇಳ್ಲಿ? ಗಂಡ ಅಂತ ತಲಿ ಎತ್ತಿ ನೋಡೋ ಹೆಣ್ಣಿನ ಮುಂದ ಬೂಟು ಹೊತ್ತೆ ಅಂತ ಹೆಂಗ ಹೇಳ್ಲಿ?”

ಗಾಳೆಮ್ಮ ನೀಡಿದ್ದ ಕಾಲು ಮಡಚಿ ಮೆಲ್ಲಗೆ ಕೇಳಿದಳು: “ಬಜಾರ ಪೂರಾ ಹೊತ್ಯೇನು?”

“ಇಲ್ಲ,” ಎಂದ ಗ್ಯಾನಪ್ಪ. “ಪೂರಾ ಇಲ್ಲ. ಬಜಾರದ ಬಾಯಾಗ ಒಬ್ಬ ಮುದುಕ ಬಂದ. ಅಂವನೂ ಬೇಗಾರಿನ. ಸಾಹೇಬನ ಹಾಸಿಗಿ ಸುತ್ತು ಹೊತ್ತಿದ್ದ. ಜಂಗ್ಲಿಸಾಬ್ ಅಂತ, ಮಸ್ಕ್ಯಾಗ ಅರಳಿ ಹಿಂಜಾಂವ. ‘ಹುಜೂರ್, ಈ ಹುಡುಗ ತೂರಾಡಾಕತ್ತಾನ, ಬೂಟು ಬಿದ್ರ ಸಾಹೇಬರು ನಿಮಗ ಬೈತಾರ, ನನಗ ಕೊಡ್ರಿ’ ಅಂದ. ತನ್ನ ಹಾಸಿಗಿ ನನಗ ಕೊಟ್ಟು ಆ ಬೂಟು ತನ್ನ ತಲಿ ಮ್ಯಾಲ ಇಟಗೊಂಡ.”

ಹೇಳುತ್ತ ಹೇಳುತ್ತಲೇ ಅವನಿಗೆ ಅದು ಕಂಡಿತು. ಇಷ್ಟು ದಿನ ಬೂಟು ಒಂದೇ ಕಾಣುತ್ತಿತ್ತು. ಈಗ ಬೂಟಿನ ಕೆಳಗಿನ ಬಿಳಿಗಡ್ಡದ ಮುಖ ಕಂಡಿತು.

“ಅದು ಅವನ ಊರು, ಆಯಿ. ನನ್ನ ಅಲ್ಲಿ ಯಾರು ಬಲ್ಲರು? ಅವನ ಸ್ವಂತ ಬಜಾರ. ಅವನ ಹೆಸರು ಹಿಡದು ಸಲಾಂ ಹೊಡಿಯೋ ಮಂದಿ ಅಂಗಡಿ ಅಂಗಡ್ಯಾಗ ಕುಂತು ನೋಡಾಕತ್ತಿದ್ರು. ನಾ ಅವನ ಮಾರಿ ಸೈತ ನೋಡಲಿಲ್ಲ. ಒಂದು ಮಾತು ಅನಲಿಲ್ಲ.”

ಅವನು ಮುದುಕಿಯ ಗಂಟಿನೊಳಗೆ ಕೈ ಹಾಕಿ ಹಿಡಿ ತುಂಬ ಸಜ್ಜೆ ತೆಗೆದ. ಗುಂಡಿನ ಅಂಚಿಗೆ ಹೋಗಿ ಕೆರೆಗೆ ಕೇಳುವಂತೆ ಕೂಗಿದ.

“ಜಂಗ್ಲಿಸಾಬನ ಉಪಕಾರ ಉಂಡೀನಿ!”

ಕಾಳು ಬಂಡೆಯ ಮೇಲೆ ಚಟಪಟ ಬಿದ್ದವು. ಎಲ್ಲಿದ್ದವೋ ಗುಬ್ಬಿಗಳು, ಬಂದೇ ಬಂದವು.

ಆಮೇಲೆ ಅವನಿಗೆ ಎಚ್ಚರವಾಯಿತು. ಕೂಗಬಾರದು ಎಂದುಕೊಂಡು ಬಂದವನು ಗುಡ್ಡ ಅದುರುವಂತೆ ಕೂಗಿದ್ದ. ಮನೆಯ ಹಿರಿಯಳಿಗೆ ಏಕವಚನದಲ್ಲಿ ಮಾತಾಡಿದ್ದ. ಬಸ್ಸಮ್ಮ ಕೈಬಿಟ್ಟು ಹೋದಳು. ಅವನು ತಲೆ ತಗ್ಗಿಸಿದ.

“ತಪ್ಪಾತರೀ. ದನಿ ಎತ್ತಿಬಿಟ್ಟೆ. ನಡೀರಿ, ಮನಿಗೆ ಬಿಟ್ಟು ನಾ ಹೋಗ್ತೀನಿ.”

“ಎಲ್ಲಿಗೆ ಹೋಗ್ತಿ? ಬುತ್ತಿ ಬಿಚ್ಚು ಮೊದಲ, ಹಸಿವ್ಯಾಗೈತಿ,” ಎಂದಳು ಗಾಳೆಮ್ಮ. ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟು ಅವನ ಕೈಗೆ ಕೊಟ್ಟಳು. “ಹುಚ್ಚಪ್ಪಾ, ಕೂಗೋ ಗಂಡಸರನ್ನ ನಾವು ಕಂಡಿಲ್ಲೇನು? ನಮ್ಮ ಯಜಮಾನ ಕೂಗಿದ್ರ ಕೆರ್‍ಯಾಗಿನ ಮೀನು ದಂಡಿಗೆ ಬರ್ತಿದ್ವು. ನನ್ನ ಮೊಮ್ಮಗಳು ನಿನ್ನ ಕೂಗಿಗೆ ಅಂಜಿ ಬಂದಿಲ್ಲ. ಆಮ್ಯಾಲ ಬಾಯಿಗೆ ಬೀಗ ಹಾಕಿದ್ಯಲ್ಲ, ಅದಕ್ಕ ಬಂದಾಳ. ‘ನಾ ಏನು ಮಾಡೀನಿ ಆಯಿ, ನನ್ನ ತವರಿನ ಬಟ್ಟಿ ಸುಡುವಂಥಾದ್ದು ನಾ ಏನು ಮಾಡೀನಿ’ ಅಂತ ದಿನಾ ಕೇಳ್ತಾಳ. ನೀ ಮುಂಜಾನಿಯಿಂದ ಹೂಂ ಹೂಂ ಅಂತ ಬರಾಕತ್ತಿದ್ದಿ. ಇದೂ ಹಂಗ ಮುಗದ್ರ ಕಳಸಬಾರದು ಅಂತನ ಇದ್ದೆ ನಾ.”

ಗ್ಯಾನಪ್ಪ ರೊಟ್ಟಿ ಹಿಡಿದುಕೊಂಡೇ ಕೂತ. ದೊಡ್ಡಪ್ಪನ ಬುದ್ಧಿ ಎಷ್ಟು ದುಬಾರಿಯದಾಗುತ್ತಿತ್ತು ಎಂದು ಹೊಳೆದು ಬೆವರಿದ. ಆಮೇಲೆ ಹಸಿದ ಎತ್ತಿನ ಹಾಗೆ ಉಂಡ. ಇಳಿಯುವ ದಾರಿಯಲ್ಲಿ ಅವನ ಬಾಯಿಗೆ ತಡೆಯೇ ಇರಲಿಲ್ಲ. ಕೆಂದಾಕಳದ್ದು ಹೆಣ್ಗರ ಎಂದ, ಹಣೆಯಲ್ಲಿ ಬಿಳಿ ಚುಕ್ಕೆ ಇದೆ ಎಂದ. ಶಾಲೆಯಲ್ಲಿ ತಿಳಿಯದ ಉರ್ದು ಪಾಠ ಒಪ್ಪಿಸಲಾರದೆ ಹೊಡೆತ ತಿಂದು ಪಾಟಿ ಒಗೆದು ಬಂದದ್ದನ್ನೂ ಹೇಳಿದ. “ಸಾಕು ಮಾರಾಯ, ನನ್ನ ಕಿವಿ ಹಣ್ಣಾದ್ವು,” ಎಂದಳು ಗಾಳೆಮ್ಮ. ಆದರೂ ಮುಂದಿನದನ್ನು ಕೇಳುತ್ತಲೇ ಇದ್ದಳು.

ಕೋಡಿಯಲ್ಲಿ ನೀರು ಕಲ್ಲುಹಾಸಿನ ಮೇಲೆ ಹರಿಯುತ್ತಿತ್ತು. ಅವಳನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ನಡುನೀರಿನಲ್ಲೇ ಮುದುಕಿ ಅವನ ಕಿವಿ ಹಿಂಡಿದಳು. “ಇಲ್ಲೇ ನಿಂತು ಹೇಳು. ಕಡೀದು.”

ಹೆಂಡತಿಯ ಹೆಸರನ್ನು ಹಿರಿಯರ ಮುಂದೆ ಹೇಳಿ ಅಭ್ಯಾಸವಿಲ್ಲದ ಗಂಡಸು. ಕಾಲ ಕೆಳಗೆ ನೀರು ಸೆಳೆಯುತ್ತಿತ್ತು. “ಬಸ್ಸಮ್ಮನ ಉಪಕಾರ,” ಎಂದ. “ಅಷ್ಟು ದಿನ ಉತ್ತರ ಇಲ್ದಿದ್ರೂ ದಿನಾ ಕೇಳ್ಯಾಳ.”

ಮನೆಗೆ ಬಂದಾಗ ಬಸ್ಸಮ್ಮ ಬಾಗಿಲಲ್ಲೇ ನಿಂತಿದ್ದಳು. ಸೊರಗಿದ್ದಳು. ಗಾಳೆಮ್ಮ ಮಗನಿಗೂ ಮೊಮ್ಮಗಳಿಗೂ ಒಂದೇ ಮಾತು ಹೇಳಿದಳು: “ಬಾಯಿ ಐತಿ ಇವನಿಗೆ. ಕಳಸಾಕ ಅಡ್ಡಿ ಇಲ್ಲ. ಆದ್ರ ಯಾಕಂತ ಇವನ ಬಾಯಿಂದನ ಕೇಳ್ರಿ, ಆಮ್ಯಾಲ ಆಕಿ ಮನಸು.”

ಗುಡ್ಡದ ಮೇಲೆ ಕೂಗಿದ್ದನ್ನು ಇಲ್ಲಿ ಮೆತ್ತಗೆ ಹೇಳುವುದು ಹತ್ತು ಪಾಲು ಕಷ್ಟವಾಯಿತು. ಆದರೂ ಹೇಳಿದ, ಬೂಟಿನಿಂದ ಹಿಡಿದು ಒಲೆಯವರೆಗೆ. ಆದೆಪ್ಪನ ಕೈಯಲ್ಲಿ ಹಗ್ಗ ನಿಂತುಹೋಯಿತು. ಅವನೂ ಹೊತ್ತವನೇ. ಬೇಗಾರಿ ಹೊರದ ಬೆನ್ನು ಆ ಸೀಮೆಯ ಬಡವರಲ್ಲಿ ಯಾರದಿತ್ತು? ಎದ್ದು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ಬಸ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೇಳಿದ್ರ ಒಲಿಗೆ ನಾನ ಕಟಿಗಿ ಹಾಕ್ತಿದ್ದೆ,” ಎಂದಳು. “ಅಂಥಾ ಪಟಗ ಮನ್ಯಾಗ ಇಡತಿದ್ದೆನೇನು? ಬರ್ತೀನಿ. ಆದ್ರ ಇನ್ನೊಂದು ಸಲ ಮೂಗಬಸಪ್ಪ ಆದ್ರ, ಯಾವ ಕೆರಿ ಸುತ್ತಿದ್ರೂ ಬರಂಗಿಲ್ಲ.”

“ಆಗಂಗಿಲ್ಲ.”

“ಮತ್ತ, ಸೀದಾ ಊರಿಗೆ ಹೋಗೋದಿಲ್ಲ. ಮಸ್ಕ್ಯಾಗ ಇಳಿಯೋದೈತಿ.”

ಮರುದಿನ ಒಂದು ಬುಟ್ಟಿ ಸೀತಾಫಲ ಹೊತ್ತು ಇಬ್ಬರೂ ಮಸ್ಕಿಯ ಬಜಾರಿಗೆ ಬಂದರು. ಗ್ಯಾನಪ್ಪ ಈ ಸಲ ಅಂಗಡಿ ಅಂಗಡಿಯನ್ನೂ ಕಣ್ಣೆತ್ತಿ ನೋಡಿದ, ದಾರಿ ಕೇಳಿದ. ಹಿಂದಿನ ಓಣಿಯಲ್ಲಿ ಅರಳೆ ಹಿಂಜುವ ಬಿಲ್ಲಿನ ಸದ್ದು ಕೇಳಿಸಿತು. ಬಿಳಿಗಡ್ಡಕ್ಕೆಲ್ಲ ಅರಳೆ ಮೆತ್ತಿಕೊಂಡು ಜಂಗ್ಲಿಸಾಬ್ ಕೂತಿದ್ದ. ಅವನಿಗೆ ಗುರುತು ಸಿಗಲಿಲ್ಲ.

“ಗಾದಿ ಮಾಡಸಬೇಕೇನಪಾ?”

“ಅಲ್ರೀ ಚಾಚಾ. ಮಹಾನವಮಿಗೆ… ಆ ಬೂಟು… ನನ್ನ ತಲಿ ಮ್ಯಾಲಿಂದ ತಗೊಂಡ್ರಿ. ಆವತ್ತು ನಾ ಏನೂ ಅನಲಿಲ್ಲ. ನಿಮ್ಮ ಉಪಕಾರ ಹೇಳಾಕ ಬಂದೀನಿ.”

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಬಿಲ್ಲನ್ನು ಪಕ್ಕಕ್ಕಿಟ್ಟ. ಆಮೇಲೆ ಭುಜ ಕುಣಿಸಿ ನಗತೊಡಗಿದ.

“ಅರೇ, ನೀನೇನು! ಯಾ ಅಲ್ಲಾ! ನಾನ ನಿನ್ನ ಹುಡುಕಾಕತ್ತಿದ್ದೆ. ಆ ಹಾಸಿಗಿ ನನ್ನ ಸೊಂಟ ಮುರದಿತ್ತು ಬೇಟಾ. ಒಳಗ ಏನು ತುಂಬಿದ್ದನೋ ಹರಾಮಖೋರ. ಬೂಟು ಅಂದ್ರ ಎರಡು ಹಗುರ ತೊಗಲು. ನಾ ಬೂಟು ಹೊತ್ತು ಹಾಯಾಗಿ ಬಂದೆ, ನೀ ಹಾಸಿಗಿ ಹೊತ್ತು ಲಿಂಗಸುಗೂರ ಮುಟ್ಟಿದಿ. ಉಪಕಾರ ಯಾರು ಯಾರಿಗೆ ಮಾಡ್ಯಾರ, ನೀನ ಹೇಳು!”

“ಮಂದಿ ನೋಡಾಕತ್ತಿದ್ರಲ್ರೀ ಚಾಚಾ, ನಿಮ್ಮ ಊರ ಮಂದಿ.”

“ನೋಡ್ಲಿ,” ಎಂದ ಜಂಗ್ಲಿಸಾಬ್. ನಗೆ ನಿಂತಿತ್ತು. “ನಾ ಹೊತ್ತದ್ದು ನೋಡಿ ನಾಚಿಕಿ ಬರಬೇಕಾದ್ದು ನನಗಲ್ಲ.”

ಬಸ್ಸಮ್ಮ ಬುಟ್ಟಿಯನ್ನು ಅವನ ಮುಂದಿಟ್ಟು ನೆಲ ಮುಟ್ಟಿ ನಮಸ್ಕರಿಸಿದಳು. ಮುದುಕ ಒಂದು ಹಣ್ಣು ಒತ್ತಿ ನೋಡಿ, ಚೆನ್ನಾಗಿ ಕಳಿತದ್ದನ್ನು ಆರಿಸಿ ಅವಳ ಕೈಗೇ ಕೊಟ್ಟ. ಗ್ಯಾನಪ್ಪನಿಗೆ ಅರಳೆಯ ರಾಶಿಯ ಪಕ್ಕದಲ್ಲಿ ಜಾಗ ತೋರಿಸಿದ.

“ಕುಂದ್ರಪಾ. ಚಾ ಕುಡದು ಹೋಗೀರಂತ. ಹೆಸರರೆ ಏನು ನಿಂದು? ಆವತ್ತು ಕೇಳಾಕ ಆಗಲಿಲ್ಲ.”

ಗ್ಯಾನಪ್ಪ ಕೂತ. ಹೆಸರು ಹೇಳಿದ. ಊರು ಹೇಳಿದ, ತಂದೆಯ ಹೆಸರು ಹೇಳಿದ, ಹೊಲ ಎಷ್ಟು, ಮಳೆ ಹೇಗಾಯಿತು ಎಂಬುದನ್ನೂ ಹೇಳಿದ. ಬಸ್ಸಮ್ಮ ಹಣ್ಣಿನ ಬೀಜ ಉಗುಳುವುದನ್ನು ಮರೆತು ಗಂಡನ ಬಾಯನ್ನೇ ನೋಡುತ್ತಿದ್ದಳು.